ತಾತನೀರು

ಕೆಲಸಕ್ಕೆ ಕರೆದವರ ಮನೆಗೆ ಹೋದರೆ ಅವನು ಚೀಲ ಕೆಳಗಿಟ್ಟು, ನಲ್ಲಿ ತಿರುಗಿಸಿ, ಸುಮ್ಮನೆ ನಿಂತುಬಿಡುತ್ತಿದ್ದ. ನೀರು ಹರಿಯುತ್ತಿರುತ್ತಿತ್ತು, ಅವನ ತುಟಿ ಅಲ್ಲಾಡುತ್ತಿರುತ್ತಿತ್ತು. ಹೊಸಬರಾದರೆ ಈ ಪ್ಲಂಬರ್ ಏನೋ ಮಂತ್ರ ಹೇಳುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ಹಳಬರು ಒಳಗಿನಿಂದಲೇ, ನೂರು ಆಯ್ತಾ ನಲ್ಲಿಯಣ್ಣ, ಎಂದು ಕೇಳುತ್ತಿದ್ದರು. ನೂರರವರೆಗೆ ಎಣಿಸದೆ ಅವನು ಯಾವ ನಲ್ಲಿಯ ನೀರಿಗೂ ಕೈಯೊಡ್ಡುತ್ತಿರಲಿಲ್ಲ. ಇಷ್ಟು ನೀರು ದಂಡ ಮಾಡ್ತೀಯಲ್ಲ ಎಂದು ಬೈದವರಿದ್ದರು. ಬೈಸಿಕೊಂಡು, ಬಿದ್ದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಕೊಟ್ಟು, ಆಮೇಲೆ ಕೆಲಸಕ್ಕೆ ಕೂರುತ್ತಿದ್ದ.

ಈ ಅಭ್ಯಾಸ ಮಗಳಿಂದ ಬಂದದ್ದು. ಹಾಗೆ ಹರಿಸಿಬಿಡುವ ನೀರಿಗೆ ಹೆಸರೂ ಮಗಳೇ ಇಟ್ಟದ್ದು. ಐದು ವರ್ಷದವಳಿದ್ದಾಗ ಒಂದು ಬೆಳಗ್ಗೆ ಹಲ್ಲುಜ್ಜಲು ಬ್ರಶ್ ಹಿಡಿದು ಕಾದು ಕಾದು ಬೇಸತ್ತು, ಯಾಕಪ್ಪ ಇದನ್ನ ಸುಮ್ನೆ ಬಿಡ್ತೀಯ ಎಂದು ಕೇಳಿದಳು. ರಾತ್ರಿಯೆಲ್ಲ ಪೈಪಿನಲ್ಲಿ ಕೂತಿದ್ದ ನೀರು, ಅದಕ್ಕೆ ವಯಸ್ಸಾಗಿದೆ ಎಂದ. ಮಗು ಸ್ವಲ್ಪ ಯೋಚಿಸಿ, ಹಾಗಾದರೆ ಇದು ತಾತನೀರು ಎಂದಿತು. ಅಂದಿನಿಂದ ಆ ಮನೆಯಲ್ಲಿ ನಿಂತ ನೀರೆಲ್ಲ ತಾತನೀರು. ಹೂದಾನಿಯಲ್ಲಿ ಉಳಿದದ್ದು, ಬಕೆಟ್ಟಿನ ತಳದಲ್ಲಿದ್ದದ್ದು, ಬೀದಿಯ ಗುಂಡಿಯಲ್ಲಿ ಮಳೆಯ ಮಾರನೇ ದಿನ ಹೊಳೆಯುವುದು, ಎಲ್ಲ. ಒಮ್ಮೆ ಹೆಂಡತಿಯ ಅಪ್ಪ ಬಂದಿದ್ದಾಗ ಬಚ್ಚಲಿನಿಂದ, 'ತಾತನ್ನ ಪೂರ್ತಿ ಹೊರಗೆ ಹಾಕಿದ್ಯಾ?' 'ಹಾಕ್ದೆ ಅಪ್ಪ, ಒಂದು ಹನೀನೂ ಬಿಟ್ಟಿಲ್ಲ' ಎಂಬ ಮಾತು ಕೇಳಿ ಆ ಮುದುಕರು ಅರ್ಧ ದಿನ ಮುಖ ಊದಿಸಿಕೊಂಡು ಕೂತಿದ್ದರು. ವಿಷಯ ತಿಳಿದ ಮೇಲೂ ಪೂರ್ತಿ ನಂಬಿದರೆಂದು ಹೇಳಲಾಗದು.

ಮಗಳಿಗೆ ಸಿಸ್ಟಿಕ್ ಫೈಬ್ರೋಸಿಸ್. ಹುಟ್ಟಿನಿಂದಲೇ ಬಂದದ್ದು. ಮೊದಲು ಗುರುತಿಸಿದವಳು ಅವನ ಅಕ್ಕ, ಎರಡು ಬೀದಿಯಾಚೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದವಳು. ಮೂರು ತಿಂಗಳ ಕೂಸಿನ ಹಣೆಗೆ ಮುತ್ತಿಟ್ಟು, ತುಟಿ ನೆಕ್ಕಿಕೊಂಡು, ಇದೇನೋ ನಿನ್ನ ಮಗಳು ಇಷ್ಟು ಉಪ್ಪುಪ್ಪಾಗಿದಾಳೆ ಎಂದಿದ್ದಳು. ತಮಾಷೆಗೆ ಉಪ್ಪಮ್ಮ ಎಂದು ಕರೆದಳು. ಮಗು ಮಾತ್ರ ಎಷ್ಟು ಹಾಲು ಕುಡಿದರೂ ಮೈ ಹಿಡಿಯಲಿಲ್ಲ, ಕೆಮ್ಮು ಬಿಡಲಿಲ್ಲ. ಬೆವರಿನ ಪರೀಕ್ಷೆಯಾಗುವ ಹೊತ್ತಿಗೆ ಹೆಸರು ಅಂಟಿಕೊಂಡಾಗಿತ್ತು. ಎದೆಯೊಳಗೆ ತೆಳ್ಳಗೆ ಸರಿದು ಹೋಗಬೇಕಾದ ಲೋಳೆ ಈ ರೋಗದವರಿಗೆ ಅಂಟಿನ ಹಾಗೆ ಗಟ್ಟಿಯಾಗಿ ನಿಲ್ಲುತ್ತದೆ, ನಿಂತಲ್ಲಿ ರೋಗಾಣು ಮನೆ ಮಾಡುತ್ತದೆ ಎಂದು ಡಾಕ್ಟರಮ್ಮ ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಅವನು ಬಹಳ ಹೊತ್ತು ಆ ಗೆರೆಗಳನ್ನು ನೋಡಿದ.

'ಅಂದ್ರೆ ಒಳಗೆ ಲೈನು ಕಟ್ಕೊಳ್ಳುತ್ತೆ.'

'ಹೌದು. ಆದ್ರೆ ನಿಮ್ಮ ಹಾಗೆ ಬಿಚ್ಚಿ ನೋಡೋಕೆ ನಮಗಾಗಲ್ಲ' ಎಂದರು ಅವರು.

ಆರೋಗ್ಯವಂತರಿಗೆ ಹೆಚ್ಚೇನೂ ಮಾಡದ ಒಂದು ರೋಗಾಣುವಿನ ಹೆಸರನ್ನೂ ಅಂದೇ ಬರೆದುಕೊಟ್ಟರು: ಸ್ಯೂಡೊಮೊನಾಸ್. ಸಿಂಕಿನ ತೂತು, ಚರಂಡಿ, ಒದ್ದೆ ಸ್ಪಂಜು, ನಿಂತ ನೀರು ಅದರ ಜಾಗಗಳು. ಇಂಥ ಮಕ್ಕಳ ಎದೆಗೆ ಹೊಕ್ಕರೆ ಬೇಗ ಬಿಡುವುದಿಲ್ಲ. ಅವನು ಆ ಪಟ್ಟಿ ಓದಿ ತನ್ನ ಕೈ ನೋಡಿಕೊಂಡ. ಅದು ಅವನು ದಿನವೂ ಕೈಹಾಕುವ ಜಾಗಗಳ ಪಟ್ಟಿಯೇ ಆಗಿತ್ತು.

ಕೆಲಸ ಬಿಡುವ ಹಾಗಿರಲಿಲ್ಲ, ಬೇರೆ ಕೆಲಸ ಬರುತ್ತಲೂ ಇರಲಿಲ್ಲ. ಹಾಗಾಗಿ ಮನೆಗೆ ಬರುವ ದಾರಿಯನ್ನೇ ಉದ್ದ ಮಾಡಿಕೊಂಡ. ಚಪ್ಪಲಿ, ಚೀಲ, ಪಾನಾ, ಹ್ಯಾಕ್ಸಾ ಎಲ್ಲ ಗೇಟಿನ ಪಕ್ಕದ ತಗಡಿನ ಪೆಟ್ಟಿಗೆಯಲ್ಲಿ. ಹಿತ್ತಲ ಬಚ್ಚಲಲ್ಲಿ ಸ್ನಾನ. ಉಗುರಿಗೆ ಬೇರೆ ಬ್ರಶ್. ಬಟ್ಟೆ ನೇರ ಬಿಸಿನೀರಿಗೆ. ಮಗಳು ಬಾಗಿಲಲ್ಲಿ ನಿಂತು ಕೈ ಚಾಚಿದರೂ, ಅವಳನ್ನು ಎತ್ತಿಕೊಳ್ಳಲು ಅವನಿಗೆ ನಲವತ್ತು ನಿಮಿಷ ಬೇಕಾಗುತ್ತಿತ್ತು. ಬುಕ್ ಬೈಂಡಿಂಗ್ ಕೆಲಸಕ್ಕೆ ಹೋಗುತ್ತಿದ್ದ ಹೆಂಡತಿ ಪಾತ್ರೆ ತೊಳೆಯುವ ಸ್ಪಂಜನ್ನು ಮನೆಯಿಂದಲೇ ಓಡಿಸಿದಳು. ಟವೆಲ್ ದಿನಕ್ಕೆರಡು. ಔಷಧಿ ಹೊಗೆಯಾಗಿ ಎಳೆದುಕೊಳ್ಳುವ ನೆಬ್ಯುಲೈಸರಿನ ಬಟ್ಟಲನ್ನು ಪ್ರತಿಸಲವೂ ಕುದಿಸಿ ಒಣಗಿಸುವುದು. ನೆಗಡಿಯಾದ ನೆಂಟರು ಫೋನಿನಲ್ಲೇ. ಶಾಲೆಯಲ್ಲಿ ಪಕ್ಕದವಳು ಸೀನಿದರೆ ಟೀಚರು ಮಗಳನ್ನು ಬೇರೆ ಬೆಂಚಿಗೆ ಕಳಿಸುತ್ತಿದ್ದರು. ವರ್ಷದಲ್ಲಿ ಅವಳು ಕೂರದ ಬೆಂಚೇ ಇರಲಿಲ್ಲ.

ಅಕ್ಕನ ಪಾಲಿಗೆ ಬಂದದ್ದು ಬೆನ್ನು ತಟ್ಟುವುದು. ಕಫ ಸಡಿಲವಾಗಲಿ ಎಂದು ಮಗುವನ್ನು ದಿಂಬಿನ ಮೇಲೆ ಒರಗಿಸಿ, ಅಂಗೈಯನ್ನು ಬಟ್ಟಲಿನಂತೆ ಮಾಡಿ, ಬೆಳಗ್ಗೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ. ಆಸ್ಪತ್ರೆಯಲ್ಲಿ ಮೂವರಿಗೂ ಕಲಿಸಿಕೊಟ್ಟಿದ್ದರು, ಬಂದದ್ದು ಅಕ್ಕನಿಗೆ ಮಾತ್ರ. ಮೂವತ್ತು ವರ್ಷ ಬಟ್ಟೆ ಸವರಿದ ಕೈ. ತಟ್ಟುತ್ತಾ ಅವಳು ಗಿರಾಕಿಗಳ ಕಥೆ ಹೇಳುತ್ತಿದ್ದಳು. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು, ಆಮೇಲೆ ಬಟ್ಟೆ ಬಿಗಿಯಾಯಿತೆಂದು ಜಗಳಕ್ಕೆ ಬಂದ ಮೇಷ್ಟರ ಕಥೆಗೆ ಮಗಳು ನಕ್ಕು ನಕ್ಕು ಕೆಮ್ಮುತ್ತಿದ್ದಳು. ಕೆಮ್ಮಲಿ ಎಂದೇ ಅವಳು ಆ ಕಥೆಯನ್ನು ಕೊನೆಗೆ ಉಳಿಸಿಕೊಳ್ಳುತ್ತಿದ್ದುದು.

ಮಗಳಿಗೆ ಆರಾದಾಗ ಅವನು ಅವಳಿಗೆಂದೇ ಒಂದು ಸಿಂಕು ಮಾಡಿಕೊಟ್ಟ. ಅಡುಗೆಮನೆಯ ಪಾತ್ರೆ, ದೊಡ್ಡವರ ಉಗುಳು ಯಾವುದೂ ಬೀಳದ, ಅವಳ ಎತ್ತರದ ಬಿಳಿ ಸಿಂಕು. ಬಟ್ಟೆ ಒಗೆಯುವ ಮಷೀನನ್ನು ಹಿತ್ತಲಿಗೆ ಸಾಗಿಸಿ, ಅದಕ್ಕೆ ಬರುತ್ತಿದ್ದ ಪೈಪಿನಿಂದಲೇ ಕವಲು ತೆಗೆದು ನಲ್ಲಿ ಕೂರಿಸಿದ. ಎರಡು ಭಾನುವಾರ ಹಿಡಿಯಿತು. ಟೈಲ್ಸು ಅಂಟಿಸಿ ಎದ್ದು ನಿಂತಾಗ, ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಯಾರ ಮನೆಗೂ ಮಾಡಿಲ್ಲ ಎಂದು ಹೆಂಡತಿಗೆ ಹೇಳಿದ. ಹಲ್ಲುಜ್ಜುವುದು, ಬಾಯಿ ಮುಕ್ಕಳಿಸುವುದು, ಮುಖ ತೊಳೆಯುವುದು ಎಲ್ಲ ಅಲ್ಲೇ. ಬೆಳಗ್ಗೆ ಅಪ್ಪ ಮಗಳು ಪಕ್ಕಪಕ್ಕ ನಿಂತು ನೂರು ಎಣಿಸುತ್ತಿದ್ದರು. ಅರವತ್ತರ ನಂತರ ಅವಳು ಅವಸರ ಮಾಡುತ್ತಾಳೆಂದು ಅವನಿಗೆ ಗೊತ್ತಿತ್ತು. ತೊಂಬತ್ತಕ್ಕೆ ತಡೆದು ಹತ್ತು ಹಿಂದಕ್ಕೆ ಹೋಗುತ್ತಿದ್ದ.

ಮೂರು ತಿಂಗಳಿಗೊಮ್ಮೆ ಕಫದ ಪರೀಕ್ಷೆ. ಪ್ರತಿಸಲ ರಿಪೋರ್ಟು ಬರುವ ದಿನ ಅವನು ಕೆಲಸದಲ್ಲಿ ತಪ್ಪು ಮಾಡುತ್ತಿದ್ದ. ವಾಶರ್ ಮರೆಯುವುದು, ಬಿಸಿನೀರಿನ ನಲ್ಲಿಯನ್ನು ತಣ್ಣೀರಿಗೆ ಹಾಕುವುದು. ಒಂಬತ್ತು ವರ್ಷದವರೆಗೆ ಆ ರೋಗಾಣು ಬರಲಿಲ್ಲ. ಒಂಬತ್ತು ತುಂಬಿ ಎರಡು ತಿಂಗಳಿಗೆ ಬಂತು.

ಡಾಕ್ಟರಮ್ಮ ಧೈರ್ಯವನ್ನೇ ಹೇಳಿದರು. ಮೊದಲ ಸಲ, ಈಗಲೇ ಸಿಕ್ಕಿದೆ, ಗಟ್ಟಿಯಾಗಿ ಹಿಡಿದರೆ ಓಡಿಸಬಹುದು. ಇಪ್ಪತ್ತೆಂಟು ದಿನ ದಿನಕ್ಕೆರಡು ಸಲ ನೆಬ್ಯುಲೈಸರಿನಲ್ಲಿ ಔಷಧಿ, ಬೆನ್ನು ತಟ್ಟುವುದು ಒಂದು ಹೊತ್ತೂ ತಪ್ಪಬಾರದು, ಆಮೇಲೆ ಮತ್ತೆ ಪರೀಕ್ಷೆ. ಬಿಟ್ಟುಹೋಗದಿದ್ದರೆ ಎಂಬ ಪ್ರಶ್ನೆಯನ್ನು ಗಂಡ ಹೆಂಡತಿ ಇಬ್ಬರೂ ಕೇಳಲಿಲ್ಲ. ಉತ್ತರ ಇಬ್ಬರಿಗೂ ಗೊತ್ತಿತ್ತು. ಹೆಂಡತಿ ಕೇಳಿದ್ದು ಬೇರೆ: ಎಲ್ಲಿಂದ ಬಂತು. ಅದನ್ನ ಹುಡುಕೋಕೆ ಹೋಗಬೇಡಿ, ಎಲ್ಲಿಂದಲೂ ಬಂದಿರಬಹುದು ಎಂದರು ಡಾಕ್ಟರಮ್ಮ.

ಅವರು ಹಾಗೆಂದರೂ ಮನಸ್ಸು ಕೇಳಬೇಕಲ್ಲ. ಹೆಂಡತಿ ಹಿಂದಿನ ಮೂರು ತಿಂಗಳನ್ನು ದಿನದಿನವಾಗಿ ಜಾಲಾಡಿದಳು. ಮೂರನೇ ದಿನ ಮಗಳ ಬಾಯಿಂದಲೇ ಹೊರಬಂತು. ಅಮ್ಮ ತಡವಾಗಿ ಬರುವ ಸಂಜೆಗಳಲ್ಲಿ ಅವಳು ಅತ್ತೆಯ ಅಂಗಡಿಯಲ್ಲಿ ಇರುತ್ತಿದ್ದಳು. ಅಲ್ಲಿ ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಹಸಿರು ಬಾಟಲಿಯೊಂದಿತ್ತು. ಅದನ್ನು ಗಾಳಿಗೆ ಒತ್ತಿ, ಬೀಳುವ ಸೋನೆಯ ಕೆಳಗೆ ಮುಖ ಹಿಡಿಯುವುದು ಅವಳ ಆಟ.

ಅಕ್ಕ ಆ ಸಂಜೆ ಬೆನ್ನು ತಟ್ಟಲು ಬಂದಾಗ ಬಾಟಲಿ ಮೇಜಿನ ಮೇಲಿತ್ತು. ಹೆಂಡತಿ ಹೋಗಿ ತಂದಿದ್ದಳು. ಎಷ್ಟು ದಿನಕ್ಕೊಮ್ಮೆ ನೀರು ಬದಲಾಯಿಸ್ತೀರಿ ಅತ್ತಿಗೆ, ಎಂದು ಕೇಳಿದಳು. ದನಿ ಏರಿಸಲಿಲ್ಲ. ಕಮ್ಮಿಯಾದಾಗ ತುಂಬುತ್ತೇನೆ ಎಂದಳು ಅಕ್ಕ. ಆಗ ಅವನು ಸುಮ್ಮನಿರಬಹುದಿತ್ತು. ಬದಲಿಗೆ ಬಾಟಲಿಯ ಮುಚ್ಚಳ ಬಿಚ್ಚಿ, ಒಳಗಿನ ನಳಿಗೆಯನ್ನು ಬೆಳಕಿಗೆ ಹಿಡಿದು, ಬೆರಳಿನಲ್ಲಿ ಸವರಿ, ಕಸುಬುದಾರನ ಮಾತಿನಲ್ಲಿ ಎಲ್ಲ ವಿವರಿಸಿದ. ಖಾಲಿಯಾಗುವ ಮೊದಲೇ ತುಂಬಿದರೆ ಹಳೇ ನೀರು ಎಂದೂ ಪೂರ್ತಿ ಹೋಗುವುದಿಲ್ಲ, ತಳದಲ್ಲಿ ಉಳಿದದ್ದು ಹೊಸ ನೀರನ್ನೂ ಕೆಡಿಸುತ್ತದೆ, ನಳಿಗೆಗೆ ಜಾರುಜಾರಾಗಿ ಒಂದು ಪದರ ಕಟ್ಟುತ್ತದೆ, ಒತ್ತಿದಾಗ ಅದು ಹೊಗೆಯಂತೆ ಎದೆಗೇ ಹೋಗುತ್ತದೆ. ಹೇಳುತ್ತಾ ಹೋದಂತೆ ಅಕ್ಕನ ಮುಖ ಸಣ್ಣದಾಯಿತು. ಅವನು ಹೇಳಿ ಮುಗಿಸಿದ. ಅವಳು ಬಾಟಲಿಯನ್ನು ಕಸದ ಡಬ್ಬಿಗೆ ಹಾಕಿ, ಕೈ ತೊಳೆದು, ಮಗುವಿನ ಬೆನ್ನು ಪೂರ್ತಿ ಇಪ್ಪತ್ತು ನಿಮಿಷ ತಟ್ಟಿ ಹೋದಳು. ಕಥೆ ಹೇಳಲಿಲ್ಲ. ಮರುದಿನ ಬರಲಿಲ್ಲ. ಹೆಂಡತಿ ಕರೆಯಲೂ ಇಲ್ಲ.

ಅಂದಿನಿಂದ ತಟ್ಟುವ ಕೆಲಸ ಅವನದಾಯಿತು. ಮಗಳು ದಿಂಬಿನ ಮೇಲೆ ಮುಖವಿಟ್ಟು ಸಹಿಸಿಕೊಳ್ಳುತ್ತಿದ್ದಳು. ಒಂದು ಬೆಳಗ್ಗೆ ಹೇಳಿದಳು.

'ಅಪ್ಪ, ನಿನ್ನ ಕೈ ಹಲಗೆ ಥರ. ಅತ್ತೆ ಕೈಯಲ್ಲಿ ಗಾಳಿ ಇರುತ್ತೆ.'

ಅವನು ಅಂಗೈ ಗುಳಿ ಮಾಡಲು ನೋಡುತ್ತಿದ್ದ. ಇಪ್ಪತ್ತೆರಡು ವರ್ಷ ಪಾನಾ ಹಿಡಿದು ಚಪ್ಪಟೆಯಾದ ಕೈ, ಬಗ್ಗುತ್ತಿರಲಿಲ್ಲ. ಕಫ ಬರಬೇಕಾದಷ್ಟು ಬರುತ್ತಿರಲಿಲ್ಲ. ಔಷಧಿಯ ದಿನಗಳು ಕ್ಯಾಲೆಂಡರಿನಲ್ಲಿ ಒಂದೊಂದಾಗಿ ಅಡ್ಡಗೆರೆ ಹೊಡೆಸಿಕೊಂಡು ಹೋಗುತ್ತಿದ್ದವು. ಹನ್ನೊಂದು. ಹನ್ನೆರಡು.

ಹದಿನಾಲ್ಕನೇ ದಿನ ಅವನಿಗೆ ಒಂದು ಆಫೀಸಿನಲ್ಲಿ ಕೆಲಸವಿತ್ತು. ಮೂರನೇ ಮಹಡಿಯ ನೀರು ವಾಸನೆ ಬರುತ್ತಿದೆ, ಟ್ಯಾಂಕು ತೊಳೆಸಿದರೂ ಹೋಗಿಲ್ಲ ಎಂದು ದೂರು. ಅವನು ನಲ್ಲಿ ಬಿಟ್ಟು ನೂರು ಎಣಿಸಿದ. ಇನ್ನೂರು ಎಣಿಸಿದ. ವಾಸನೆ ಹೋಗಲಿಲ್ಲ. ಗೋಡೆಯ ಹಿಂದಿನ ಪೈಪಿನ ಗುಂಟ ಹೋದರೆ, ಹಿಂದೆ ಎಂದೋ ಅಲ್ಲಿದ್ದು ತೆಗೆದುಹಾಕಿದ ಒಂದು ಬೇಸಿನ್ನಿನ ಪೈಪು ಸಿಕ್ಕಿತು. ಯಾರೋ ಅದನ್ನು ಬುಡದವರೆಗೆ ಕತ್ತರಿಸದೆ ತುದಿಗೆ ಮುಚ್ಚಳ ಹಾಕಿ ಬಿಟ್ಟಿದ್ದರು. ಕಸುಬಿನವರು ಅದನ್ನು ಸತ್ತ ಪೈಪು ಅನ್ನುತ್ತಾರೆ. ನೀರು ಒಳಗೆ ಹೋಗುತ್ತದೆ, ಹೊರಗೆ ಬರಲು ದಾರಿಯಿಲ್ಲ. ನಲ್ಲಿ ಎಷ್ಟು ಹೊತ್ತು ಬಿಟ್ಟರೂ ಹೊಸ ನೀರು ಅದರ ಬಾಯಿಯ ಮುಂದೆ ಹಾದುಹೋಗುತ್ತದೆಯೇ ಹೊರತು ಅದನ್ನು ತೊಳೆಯುವುದಿಲ್ಲ. ಯಾವನಪ್ಪ ಈ ಪುಣ್ಯಾತ್ಮ ಎಂದು ಬೈಯುತ್ತಾ ಹ್ಯಾಕ್ಸಾ ಇಟ್ಟವನ ಕೈ ಅರ್ಧದಲ್ಲೇ ನಿಂತಿತು.

ಮನೆಯಲ್ಲಿ ಮಗಳ ಸಿಂಕಿಗೆಂದು ಬಟ್ಟೆ ಒಗೆಯುವ ಮಷೀನನ್ನು ಹಿತ್ತಲಿಗೆ ಹಾಕಿದಾಗ ಅದರ ಹಳೇ ಪೈಪು ಒಂದೂವರೆ ಅಡಿ ಉಳಿದಿತ್ತು. ಮುಂದೆ ಯಾವುದಕ್ಕಾದರೂ ಬೇಕಾದರೆ ಇರಲಿ ಎಂದು ಅವನೇ ಮುಚ್ಚಳ ಹಾಕಿದ್ದ. ಅದರ ಮೇಲೆ ಟೈಲ್ಸು ಅಂಟಿಸಿದ್ದೂ ಅವನೇ.

ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಎರಡು ಟೈಲ್ಸು ಒಡೆದು, ಪೈಪು ಕತ್ತರಿಸಿ, ಬಿಳಿ ಮಗ್ಗಿಗೆ ಬಗ್ಗಿಸಿದ. ಮೊದಲು ಏನೂ ಬರಲಿಲ್ಲ. ಆಮೇಲೆ ಕಂದು ಬಣ್ಣದ್ದೊಂದು ಎಳೆಎಳೆಯಾಗಿ ಇಳಿಯಿತು. ಮೂರು ವರ್ಷ, ಪ್ರತಿ ಬೆಳಗ್ಗೆ, ಅಪ್ಪ ಮಗಳು ಇದರ ಮುಂದೆ ನಿಂತು ನೂರು ಎಣಿಸಿದ್ದರು.

ಸಂಜೆಯೊಳಗೆ ಕವಲನ್ನೇ ತೆಗೆದು ನೇರ ಪೈಪು ಹಾಕಿ, ಕುದಿನೀರು ಬಿಟ್ಟು, ಹೊಸ ನಲ್ಲಿ ಕೂರಿಸಿ, ಟೈಲ್ಸು ಮುಚ್ಚಿದ. ಏನಾಯಿತೆಂದು ಹೆಂಡತಿ ಕೇಳಿದ್ದಕ್ಕೆ ಸಣ್ಣಗೆ ಸೋರುತ್ತಿತ್ತು ಎಂದ. ಕತ್ತರಿಸಿದ ತುಂಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಗಡಿನ ಪೆಟ್ಟಿಗೆಗೆ ಹಾಕಿದ. ಎಸೆಯಬಹುದಿತ್ತು, ಆಗಲಿಲ್ಲ. ನಾಲ್ಕು ದಿನ ಆ ಪೆಟ್ಟಿಗೆಯ ಮುಚ್ಚಳ ತೆಗೆದಾಗಲೆಲ್ಲ ಅದು ಅಲ್ಲೇ ಇರುತ್ತಿತ್ತು. ಹೇಳಿದರೆ ಹೆಂಡತಿ ತನ್ನನ್ನು ಮತ್ತೆ ನಂಬುತ್ತಾಳೋ ಇಲ್ಲವೋ. ಮನೆಯ ಒಂದೊಂದು ನಲ್ಲಿ, ಒಂದೊಂದು ಪೈಪನ್ನೂ ಅವಳು ಅವನ ಮಾತಿನ ಮೇಲೆ ನಂಬಿದ್ದಳು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹದಿನೈದು, ಹದಿನಾರು, ಹದಿನೇಳು. ಹದಿನೆಂಟನೇ ಬೆಳಗ್ಗೆ ಅರ್ಧ ಗಂಟೆ ತಟ್ಟಿದರೂ ಮಗಳ ಕಫ ಕೀಳಲಿಲ್ಲ. ಒಳಗೆ ಗೊರಗೊರ ಎನ್ನುವುದು ಅವನ ಅಂಗೈಗೆ ತಿಳಿಯುತ್ತಿತ್ತು. ಕಟ್ಟಿಕೊಂಡ ಪೈಪಿನ ಮೇಲೆ ಕೈಯಿಟ್ಟರೆ ಹಾಗೇ ಆಗುತ್ತದೆ.

ಅಂದು ಕೆಲಸಕ್ಕೆ ಹೋಗದೆ ನೇರ ಅಕ್ಕನ ಅಂಗಡಿಗೆ ಹೋದ. ಕತ್ತರಿಸುವ ಮೇಜಿನ ಮೇಲೆ ತುಂಡನ್ನು ಇಟ್ಟು, ಇದು ಏನು, ಎಲ್ಲಿತ್ತು, ಯಾರು ಹಾಕಿದ್ದು ಎಂದೆಲ್ಲ ಹೇಳಿದ. ಅವಳು ಮಷೀನು ನಿಲ್ಲಿಸಿದಳು, ಮೇಜಿನ ಮೇಲಿದ್ದ ಗಿರಾಕಿಯ ಬಟ್ಟೆಯನ್ನು ಮೊದಲು ಆಚೆ ಸರಿಸಿದಳು.

'ಇದನ್ನ ಯಾರಿಗೆಲ್ಲ ತೋರಿಸಿದ್ದೀಯ?'

'ನಿಂಗೇ ಮೊದಲು.'

'ನಂಗ್ಯಾಕೆ ಮೊದಲು ತೋರಿಸ್ತೀಯೋ? ನಾನು ಅಳೋಕೋ? ಅವತ್ತು ಬಾಟಲಿ ಎತ್ತಿ ಪಾಠ ಮಾಡಿದೆಯಲ್ಲ, ಅಲ್ಲಿ ಹೋಗಿ ಮಾಡು, ಇದನ್ನ ಹಿಡ್ಕೊಂಡು.' ಆಮೇಲೆ ದಾರ ಕಚ್ಚಿ ತುಂಡು ಮಾಡುತ್ತಾ ಅಂದಳು: 'ನಾನೇ ಆ ಕೂಸನ್ನ ಕೊಂದೆ ಅಂದ್ಕೊಂಡಿದ್ದೆ ಕಣೋ. ಒಂದು ಕಾಜಾ ಹೊಲಿಯೋಕೆ ಆಗ್ತಿರ್ಲಿಲ್ಲ.'

'ಅಕ್ಕ, ಬಾ. ಕಫ ಬರ್ತಾ ಇಲ್ಲ.'

ಅವಳು ಎದ್ದಳು. ಅಂಗಡಿಯ ಬಾಗಿಲು ಎಳೆಯಲಿಲ್ಲ, ಚಪ್ಪಲಿ ಹಾಕಿಕೊಂಡದ್ದೂ ಅವಳಿಗೆ ನೆನಪಿರಲಿಲ್ಲ.

ಹೆಂಡತಿ ಕೆಲಸಕ್ಕೆ ಹೊರಟು ಬಾಗಿಲಲ್ಲಿದ್ದಳು. ಅತ್ತಿಗೆಯನ್ನು ಕಂಡು ಒಳಗೆ ತಿರುಗಿದಳು. ಅವನು ಅವಳ ಹಿಂದೆಯೇ ಹೋಗಿ ತುಂಡನ್ನು ಮುಂದೆ ಹಿಡಿದ. ಹೇಳುವುದನ್ನೆಲ್ಲ ನಿಂತೇ ಹೇಳಿದ, ನಾಲ್ಕು ದಿನ ಮುಚ್ಚಿಟ್ಟದ್ದನ್ನೂ. ಅವಳು ಪೈಪಿನ ಬಾಯಲ್ಲಿ ಇಣುಕಿ ಬಹಳ ಹೊತ್ತು ನೋಡಿದಳು.

'ಇದಕ್ಕೆ ಟೈಲ್ಸ್ ಹಾಕೋವಾಗ ನಾನೇ ಸಿಮೆಂಟ್ ಕಲಸಿಕೊಟ್ಟೆ ಅಲ್ವಾ?' ಎಂದಳು. ಆಮೇಲೆ, 'ಸೋರ್ತಿತ್ತು ಅಂದ್ರಿ.'

'ಹೂಂ.'

'ಸೋರ್ತಿತ್ತು ಅಂದ್ರಿ ನಂಗೆ.'

ಆ ಮಾತನ್ನು ಅವಳು ಮುಂದೆಯೂ ಎಷ್ಟೋ ಸಲ ಅಂದಳು. ವರ್ಷಗಳವರೆಗೆ ಮನೆಯಲ್ಲಿ ಏನಾದರೂ ರಿಪೇರಿಯಾದರೆ ತೆಗೆದ ಸಾಮಾನನ್ನು ಅವಳ ಕಣ್ಣಿಗೆ ತೋರಿಸಿಯೇ ಎಸೆಯಬೇಕಿತ್ತು. ಆದರೆ ಅಂದು ಅವಳು ಹೊರಗೆ ಬಂದು, ಜಗಲಿಯಲ್ಲೇ ನಿಂತಿದ್ದ ಅತ್ತಿಗೆಯ ಮುಂದೆ ಒಂದು ಹೊಸ ಟವೆಲ್ ಹಿಡಿದಳು. ಕೈ ತೊಳ್ಕೊಂಡು ಬನ್ನಿ ಅತ್ತಿಗೆ, ಅವಳು ಕಾಯ್ತಿದಾಳೆ. ಕ್ಷಮೆ ಎಂಬ ಪದ ಆ ಮನೆಯಲ್ಲಿ ಯಾರ ಬಾಯಿಗೂ ಬರುತ್ತಿರಲಿಲ್ಲ. ಒಳಗೆ ಮೇಷ್ಟರ ಹೊಟ್ಟೆಯ ಕಥೆ ಶುರುವಾಯಿತು. ಹನ್ನೆರಡನೇ ನಿಮಿಷಕ್ಕೆ ಮಗಳು ಕೆಮ್ಮಿದಳು, ಬಟ್ಟಲು ಹಿಡಿದಿದ್ದ ಅವನು ಅದರೊಳಗೆ ಬಿದ್ದದ್ದನ್ನು ಚಿನ್ನವೆಂಬಂತೆ ನೋಡಿದ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅವನು ತುಂಡನ್ನು ಡಾಕ್ಟರಮ್ಮನ ಮುಂದೆಯೂ ಇಟ್ಟ. ಅವರು ಕೈಗೆ ಗ್ಲೌಸ್ ಹಾಕಿಕೊಂಡು ಅದನ್ನು ಎತ್ತಿ, ಇದೂ ಇರಬಹುದು, ಬಾಟಲಿಯೂ ಇರಬಹುದು, ಎರಡೂ ಅಲ್ಲದೆ ದಾರಿಯಲ್ಲಿನ ಒಂದು ಗುಂಡಿಯೂ ಇರಬಹುದು ಎಂದರು. ತೆಗೆದದ್ದು ಒಳ್ಳೆಯದಾಯಿತು, ಆದರೆ ಇದು ಕೋರ್ಟಲ್ಲ, ತೀರ್ಪು ನಾನು ಕೊಡಲ್ಲ. ಅವನಿಗೆ ತೀರ್ಪೇ ಬೇಕಿತ್ತು. ಸಿಗಲಿಲ್ಲ.

ಔಷಧಿ ಮುಗಿದ ಮೇಲಿನ ರಿಪೋರ್ಟು ಬರುವ ದಿನ ಅವನು ಒಬ್ಬರ ಮನೆಯ ಮೇಲೆ ಟ್ಯಾಂಕಿನ ಪಕ್ಕ ಇದ್ದ. ಫೋನು ಬಂದಾಗ ಎರಡೂ ಕೈ ಒದ್ದೆ. ಮೊಣಕೈಯಿಂದ ಒತ್ತಿ ಕಿವಿ ಬಗ್ಗಿಸಿದ. ರೋಗಾಣು ಬೆಳೆದಿಲ್ಲವಂತೆ, ಏನೂ ಬೆಳೆದಿಲ್ಲವಂತೆ, ಎಂದಳು ಹೆಂಡತಿ. ಅವನು ಅಲ್ಲೇ ಟ್ಯಾಂಕಿಗೆ ಒರಗಿ ಕೂತ. ಮನೆಯವರು ಕೆಳಗಿನಿಂದ ನೀರು ಯಾವಾಗ ಬರುತ್ತೆ ಎಂದು ಕೂಗಿದ್ದು ಅವನಿಗೆ ಕೇಳಿಸಲೇ ಇಲ್ಲ.

ಆ ರೋಗಾಣು ಮುಂದೆಯೂ ಎರಡು ಸಲ ಬಂತು, ಎರಡು ಸಲವೂ ಹೋಯಿತು. ಆಗ ಯಾರೂ ಯಾರ ತಪ್ಪನ್ನೂ ಹುಡುಕಲಿಲ್ಲ. ಅವನು ಮಾತ್ರ ಊರಿನವರ ಮನೆಗಳಲ್ಲಿ ಸತ್ತ ಪೈಪು ಕಂಡರೆ ಕೇಳದೆಯೂ ಕತ್ತರಿಸುತ್ತಿದ್ದ. ಮುಂದೆ ಬೇಕಾಗಬಹುದು, ಇರಲಿ ಬಿಡು ಎಂದವರಿಗೆ, ಬೇಕಾದಾಗ ಹಾಕೋಣ, ಕರೀರಿ, ಬರ್ತೀನಿ ಎನ್ನುತ್ತಿದ್ದ.

ಮಗಳಿಗೆ ಹದಿಮೂರಾದ ವರ್ಷ, ಒಂದು ಬೆಳಗ್ಗೆ ಹತ್ತು ಗಂಟೆಗೆ, ಕೆಲಸದ ಜಾಗದಲ್ಲಿ ನಲ್ಲಿ ಬಿಟ್ಟು ಎಣಿಸುತ್ತಾ ನಿಂತವನು ಹಾಗೇ ಕುಸಿದ. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು, ಹೃದಯ ಎಂದರು. ಮಗಳ ಎದೆಯ ಸದ್ದನ್ನು ಅಷ್ಟು ಕಿವಿಗೊಟ್ಟು ಕೇಳಿದ ಮನೆಯಲ್ಲಿ ಅವನ ಎದೆಯ ಕಡೆ ಯಾರೂ ನೋಡಿರಲಿಲ್ಲ. ಅವನೂ ನೋಡಿಕೊಂಡಿರಲಿಲ್ಲ.

ಅವನನ್ನು ನೋಡಲು ಬೀದಿಯೇ ಬಂತು. ನಲ್ಲಿ ಸರಿಮಾಡಿಸಿಕೊಂಡವರು, ಬೈದವರು, ಆಫೀಸಿನವರು. ಅಳುವ ಮನೆಯ ಬಾಗಿಲಲ್ಲಿ ಯಾರನ್ನು ಹೇಗೆ ತಡೆಯುವುದು. ಆದರೂ ಗೇಟಿನ ಎಡಕ್ಕೆ ಹೆಂಡತಿ, ಬಲಕ್ಕೆ ಅಕ್ಕ ನಿಂತರು. ಇಬ್ಬರ ಮುಖವೂ ಅತ್ತು ಬಾತಿತ್ತು. ಒಬ್ಬಳ ಕೈಯಲ್ಲಿ ಸೋಪು, ಇನ್ನೊಬ್ಬಳ ಕೈಯಲ್ಲಿ ಚೊಂಬು. ಕೆಮ್ಮು ನೆಗಡಿ ಇರೋರು ಆಚೆಯಿಂದಲೇ ನೋಡಿ ಹೋಗಿ, ಬೇಜಾರು ಮಾಡ್ಕೋಬೇಡಿ ಎಂದು ಒಬ್ಬೊಬ್ಬರಿಗೂ ಹೇಳಿದರು. ಬೇಜಾರು ಮಾಡಿಕೊಂಡು ಹೋದವರಿದ್ದರು.

ಶಾಲೆಯ ದಿನಗಳಿಂದ ಅವನ ಜೊತೆಗಿದ್ದ ಗೆಳೆಯನೊಬ್ಬನಿಗೆ ಆ ವಾರ ನೆಗಡಿಯಾಗಿತ್ತು. ಅವನು ರಸ್ತೆಯಾಚೆ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ನಿಂತುಕೊಂಡ. ಅಲ್ಲಿಂದ ಕಾಣುತ್ತಿದ್ದುದು ಮನೆಯ ಪಕ್ಕದ ಸಣ್ಣ ಕಿಟಕಿ ಮಾತ್ರ. ಅದರೊಳಗೆ ಮಗಳು ಮಾಸ್ಕ್ ಕೆಳಗೆಳೆದು, ಈಗ ಅವಳಿಗೆ ಗಿಡ್ಡವಾಗಿದ್ದ ಬಿಳಿ ಸಿಂಕಿನ ಮುಂದೆ ಬಗ್ಗಿ ನಿಂತಿದ್ದಳು. ಅತ್ತ ಮುಖ ತೊಳೆಯಲು ಬಂದಿದ್ದಳು. ನಲ್ಲಿ ಬಿಟ್ಟಿತ್ತು, ಅವಳ ತುಟಿ ಅಲ್ಲಾಡುತ್ತಿತ್ತು. ನಡುವೆ ಒಮ್ಮೆ ನಿಲ್ಲಿಸಿದಳು. ಎಣಿಕೆ ತಪ್ಪಿರಬೇಕು, ಇಲ್ಲವೇ ತೊಂಬತ್ತಕ್ಕೆ ಬಂದಿರಬೇಕು. ಮತ್ತೆ ಹಿಂದಿನಿಂದ ಶುರುಮಾಡಿದಳು. ನೂರು ಮುಗಿಯುವವರೆಗೂ ಅವಳು ನೀರಿಗೆ ಕೈಯೊಡ್ಡಲಿಲ್ಲ.